ಹಿತ್ತಲಿನ ಶೆಡ್ಡಿಗೆ ಸಂಘದ ಒಪ್ಪಿಗೆ ಪಡೆದ ಬಗೆ

ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರಕ್ಕೆ ಉತ್ತರದಲ್ಲಿರುವ ನಮ್ಮ ಬಡಾವಣೆಯಲ್ಲಿ, ಮನೆಯ ಹಿತ್ತಲಿನಲ್ಲಿ 8 ಅಡಿ ಅಗಲ, 10 ಅಡಿ ಉದ್ದದ ಮರದ ಶೆಡ್ಡೊಂದನ್ನು ನಾನೇ ಕಟ್ಟಿದ್ದೇನೆ. ಕಟ್ಟುವ ಕೆಲಸ ಎರಡು ವಾರಾಂತ್ಯಗಳಲ್ಲಿ ಮುಗಿಯಿತು. ಮನೆ ಮಾಲೀಕರ ಸಂಘದ, ಅಂದರೆ ಇಲ್ಲಿ ಎಲ್ಲರೂ ಎಚ್‌ಒಎ ಎಂದು ಕರೆಯುವ ಸಂಸ್ಥೆಯ, ಒಪ್ಪಿಗೆ ದೊರೆಯಲು ಮಾತ್ರ ಮಾರ್ಚ್ ತಿಂಗಳಿನಿಂದ ಜೂನ್‌ವರೆಗೆ ಕಾಯಬೇಕಾಯಿತು. ಆ ಅವಧಿಯಲ್ಲಿ ನಾನು ಕಲಿತದ್ದನ್ನು, ಇಲ್ಲಿ ಹೊಸದಾಗಿ ಮನೆ ಕೊಂಡಿರುವ ನಮ್ಮವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಹುಲ್ಲು ಕತ್ತರಿಸುವ ಯಂತ್ರ, ಏಣಿ, ಹೀರೆ ಮತ್ತು ಅವರೆ ಬಳ್ಳಿಗಳಿಗೆ ಹಾಕುವ ಚಪ್ಪರದ ಕೋಲುಗಳು, ಗೊಬ್ಬರದ ಚೀಲಗಳು ಎಲ್ಲವೂ ಗ್ಯಾರೇಜಿನಲ್ಲಿ ತುಂಬಿಕೊಂಡು ಕಾರು ನಿಲ್ಲಿಸಲು ಜಾಗವಿಲ್ಲದಂತಾಗಿತ್ತು. ಹಾಸನದಿಂದ ಬಂದಿದ್ದ ನಮ್ಮ ತಂದೆಯವರು, "ಹಿತ್ತಲು ನಿಮ್ಮದೇ ತಾನೇ, ಒಂದು ಮೂಲೆಯಲ್ಲಿ ಕಟ್ಟಿಕೊಂಡರೆ ಯಾರನ್ನು ಕೇಳಬೇಕು?" ಎಂದರು. ನಾನೂ ಹೆಚ್ಚು ಕಡಿಮೆ ಹಾಗೆಯೇ ಎಣಿಸಿದ್ದೆ. ಅಮೆರಿಕದ ಅನೇಕ ನಗರಗಳು ಆಧಾರವಾಗಿಟ್ಟುಕೊಂಡಿರುವ, ಮನೆ ಕಟ್ಟುವ ಮಾದರಿ ನಿಯಮಗಳಾದ ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್‌ನ ಇತ್ತೀಚಿನ ಆವೃತ್ತಿಗಳಲ್ಲಿ, 200 ಚದರ ಅಡಿ ಮೀರದ, ಒಂದೇ ಅಂತಸ್ತಿನ, ಮನೆಗೆ ಅಂಟಿಕೊಂಡಿರದ ಶೆಡ್ಡಿಗೆ ಪರ್ಮಿಟ್ ಬೇಕಿಲ್ಲ. ಒಂದೊಂದು ನಗರವೂ ಈ ಮಿತಿಯನ್ನು ತನಗೆ ಬೇಕಾದಂತೆ ಬದಲಿಸಿಕೊಳ್ಳುವುದರಿಂದ ನಮ್ಮ ನಗರದ ಕಚೇರಿಯಲ್ಲೇ ವಿಚಾರಿಸಿದೆ. 80 ಚದರ ಅಡಿಯ ನಮ್ಮ ಶೆಡ್ಡಿಗೆ ಪರ್ಮಿಟ್ ಬೇಡವೆಂದರು. ಆದರೆ ನಗರಕ್ಕೆ ಬೇಡವಾದದ್ದು ಸಂಘಕ್ಕೂ ಬೇಡವೆಂದು ಅರ್ಥವಲ್ಲ. ಸಂಘದ ನಿಬಂಧನೆಗಳು ಸರ್ಕಾರದ ಕಾನೂನಲ್ಲ. ಅವು ಜಮೀನಿನ ಹಕ್ಕುಪತ್ರದೊಂದಿಗೇ ಸಾಗಿಬರುವ ಕರಾರು. ಮನೆ ಕೊಂಡ ದಿನವೇ ನಾವು ಅದಕ್ಕೆ ಬದ್ಧರಾಗಿರುತ್ತೇವೆ, ಓದಿರಲಿ, ಓದದಿರಲಿ.

ಮೂಲ ನಿಬಂಧನೆಗಳು ಕೌಂಟಿಯ (ನಮ್ಮ ಜಿಲ್ಲೆಯಂತಹ ಆಡಳಿತ ವಿಭಾಗದ) ಕ್ಲರ್ಕ್ ಕಚೇರಿಯಲ್ಲಿ ನೋಂದಣಿಯಾಗಿರುತ್ತವೆ. ಟೆಕ್ಸಾಸ್‌ನಲ್ಲಿ 60 ಅಥವಾ ಅದಕ್ಕಿಂತ ಹೆಚ್ಚು ನಿವೇಶನಗಳಿರುವ ಸಂಘಗಳು ಅವುಗಳ ಚಾಲ್ತಿಯಲ್ಲಿರುವ ಪ್ರತಿಯನ್ನು ತಮ್ಮ ಜಾಲತಾಣದಲ್ಲಿಯೂ ಒದಗಿಸಬೇಕು. ಮನೆ ಕೊಂಡಾಗ ಸಿಕ್ಕಿದ್ದ ಕಡತವನ್ನೇ ನಂಬಿಕೊಂಡು ನಾನು ಓದಲು ಆರಂಭಿಸಿದ್ದು ತಪ್ಪಾಯಿತು. ಅದರಲ್ಲಿ "ಮುಂಚಿತವಾಗಿ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಹೊರಕಟ್ಟಡವನ್ನೂ ಕಟ್ಟಬಾರದು" ಎಂಬ ಅರ್ಥದ ಒಂದೇ ವಾಕ್ಯವಿತ್ತು. ಎತ್ತರ, ಬಣ್ಣ, ಛಾವಣಿಯ ವಿವರಗಳೆಲ್ಲ ಇದ್ದದ್ದು ಆಮೇಲೆ ತಿದ್ದುಪಡಿಯಾಗಿದ್ದ ವಿನ್ಯಾಸ ನಿಯಮಾವಳಿ ಎಂಬ ಬೇರೊಂದು ದಾಖಲೆಯಲ್ಲಿ. ಅದರ ಪ್ರಕಾರ ಶೆಡ್ಡಿನ ತುತ್ತತುದಿ ನೆಲದಿಂದ 8 ಅಡಿ ಮೀರಬಾರದು, ಛಾವಣಿಗೆ ಹೊದಿಸುವ ಶಿಂಗಲ್ ಹಾಳೆಗಳು ಮನೆಯ ಛಾವಣಿಯ ಬಣ್ಣದ್ದೇ ಆಗಿರಬೇಕು, ರಸ್ತೆಯಿಂದ ಶೆಡ್ಡು ಕಾಣಬಾರದು.

ನನ್ನ ಮೊದಲ ಅರ್ಜಿ ತಿರಸ್ಕೃತವಾಯಿತು. ಬಂದ ಪತ್ರದಲ್ಲಿ "ಬಡಾವಣೆಯ ನೋಟಕ್ಕೆ ಹೊಂದುವುದಿಲ್ಲ" ಎಂಬುದನ್ನು ಬಿಟ್ಟರೆ ಬೇರೆ ಕಾರಣವಿರಲಿಲ್ಲ. ಆಗ ನನಗೆ ನೆರವಾದದ್ದು ರಾಜ್ಯದ ಆಸ್ತಿ ಕಾನೂನಾದ ಟೆಕ್ಸಾಸ್ ಪ್ರಾಪರ್ಟಿ ಕೋಡ್‌ನ 209ನೇ ಅಧ್ಯಾಯಕ್ಕೆ 2021ರಲ್ಲಿ ಸೇರಿದ ಒಂದು ವಿಧಿ. 40ಕ್ಕಿಂತ ಹೆಚ್ಚು ನಿವೇಶನಗಳಿರುವ ಬಡಾವಣೆಗಳಲ್ಲಿ ಇಂಥ ಅರ್ಜಿಗಳನ್ನು ಪರಿಶೀಲಿಸುವ ಸಂಘದ ವಿನ್ಯಾಸ ಸಮಿತಿಯು ಅರ್ಜಿಯನ್ನು ತಿರಸ್ಕರಿಸಿದರೆ, ಅದಕ್ಕೆ ಕಾರಣವೇನು, ಏನನ್ನು ಬದಲಿಸಿದರೆ ಒಪ್ಪಿಗೆ ಸಿಗುತ್ತದೆ ಎಂಬುದನ್ನು ಸಾಕಷ್ಟು ವಿವರವಾಗಿ ಬರೆದು ತಿಳಿಸಬೇಕು. ಪತ್ರ ಕಳುಹಿಸಿದ 30 ದಿನಗಳೊಳಗೆ ಮಾಲೀಕರು ಸಂಘವನ್ನು ನಡೆಸುವ ಮಂಡಳಿಯ ಮುಂದೆ ವಿಚಾರಣೆ ಕೇಳಬಹುದು, ಕೇಳಿದ 30 ದಿನಗಳೊಳಗೆ ಮಂಡಳಿ ಅದನ್ನು ನಡೆಸಬೇಕು. ಮಂಡಳಿಯ ಸದಸ್ಯರಾಗಲಿ, ಅವರ ಪತಿ ಅಥವಾ ಪತ್ನಿಯಾಗಲಿ ಸಾಮಾನ್ಯವಾಗಿ ವಿನ್ಯಾಸ ಸಮಿತಿಯಲ್ಲಿ ಇರಬಾರದೆಂದೂ ಅಲ್ಲಿದೆ. ಬಿಲ್ಡರ್‌ನ ಹಿಡಿತ ಇನ್ನೂ ಮುಗಿಯದ ಹೊಸ ಬಡಾವಣೆಗಳಿಗೆ ಈ ವಿಧಿ ಅನ್ವಯಿಸುವುದಿಲ್ಲ ಎಂಬುದನ್ನು ನೆನಪಿಡಬೇಕು. ನಾನು ಜಗಳದ ಧಾಟಿಯಿಲ್ಲದೆ, ವಿಧಿಯನ್ನು ಉಲ್ಲೇಖಿಸಿ, ಕಾರಣಗಳ ವಿವರವನ್ನೂ ವಿಚಾರಣೆಯ ದಿನಾಂಕವನ್ನೂ ಒಂದೇ ಪತ್ರದಲ್ಲಿ ಕೇಳಿದೆ.

ವಿವರಗಳು ಬಂದಾಗ, ಸಮಿತಿ ಹೇಳಿದ ಎರಡು ಮಾತುಗಳೂ ಸರಿಯಾಗಿಯೇ ಇದ್ದವು. ಮೊದಲನೆಯದು ಜಾಗದ್ದು. ಹಿಂದಿನ ಬೇಲಿಯಿಂದ 4 ಅಡಿ ಬಿಟ್ಟು ಶೆಡ್ಡನ್ನು ಗುರುತಿಸಿದ್ದೆ. ಆದರೆ ಸರ್ವೆ ನಕ್ಷೆಯಲ್ಲಿ ಬೇಲಿಯ ಉದ್ದಕ್ಕೂ 10 ಅಡಿ ಅಗಲದ ಯುಟಿಲಿಟಿ ಈಸ್‌ಮೆಂಟ್ ಇತ್ತು. ವಿದ್ಯುತ್, ಕೇಬಲ್ ಮುಂತಾದ ಕಂಪನಿಗಳಿಗೆ ಅಗೆಯುವ ಹಕ್ಕಿರುವ ಪಟ್ಟಿ ಅದು. ಅಲ್ಲಿ ಕಟ್ಟಿದ್ದರೆ ಮುಂದೊಂದು ದಿನ ನಮ್ಮ ಖರ್ಚಿನಲ್ಲೇ ಕೆಡವಬೇಕಾಗಬಹುದಿತ್ತು.

ಎರಡನೆಯದು ಎತ್ತರದ್ದು. ನಾನು ಆರಿಸಿದ್ದ ಒಂದಿಳಿಜಾರಿನ ಛಾವಣಿಯ ಕಿಟ್‌ನ (ಜೋಡಿಸಿ ಕಟ್ಟುವ ಸಿದ್ಧ ಭಾಗಗಳ ಕಟ್ಟಿನ) ಎತ್ತರವನ್ನು ಅದರ ಕೈಪಿಡಿಯಲ್ಲಿ 92 ಇಂಚು ಎಂದು ಕೊಟ್ಟಿದ್ದರು. 8 ಅಡಿಯೆಂದರೆ 96 ಇಂಚು, ಆದ್ದರಿಂದ ತೊಂದರೆಯಿಲ್ಲವೆಂದುಕೊಂಡಿದ್ದೆ. ಆ ಅಳತೆ ಶೆಡ್ಡಿನ ಒಳನೆಲದಿಂದ. ನಿಯಮದ ಅಳತೆ ಮಣ್ಣಿನ ಮಟ್ಟದಿಂದ. ಅಡಿಯಲ್ಲಿ ಮಲಗಿಸುವ, ಹೆಸರಿಗೆ ಮಾತ್ರ ನಾಲ್ಕು-ಬೈ-ನಾಲ್ಕು ಇಂಚಿನ ಮರದ ದಪ್ಪ ವಾಸ್ತವದಲ್ಲಿ ಮೂರೂವರೆ ಇಂಚು, ಅದರ ಮೇಲಿನ ಎರಡು-ಬೈ-ಆರರ ತೊಲೆ ಐದೂವರೆ ಇಂಚು, ಪ್ಲೈವುಡ್ ಮುಕ್ಕಾಲು ಇಂಚು. ಒಟ್ಟು ಒಂಬತ್ತೂ ಮುಕ್ಕಾಲು ಇಂಚು ಮೇಲೇರುತ್ತದೆ. ಹೀಗಾಗಿ ಶೆಡ್ಡು 101.75 ಇಂಚಾಗುತ್ತಿತ್ತು. ಗೋಡೆಯ ನಿಲುವು ಮರಗಳನ್ನು ತಲಾ 8 ಇಂಚು ಕತ್ತರಿಸಿ, ಬಾಗಿಲನ್ನೂ ಅಷ್ಟೇ ಕಿರಿದು ಮಾಡುವುದಾಗಿ ಹೊಸ ನಕ್ಷೆ ಬರೆದೆ. ಈಗ ಅದರ ಎತ್ತರ 93.75 ಇಂಚು. ಕಿಟ್ ಕೊಳ್ಳುವ ಮೊದಲೇ ಈ ಲೆಕ್ಕ ಮಾಡಿಕೊಳ್ಳಿ ಎಂದು ಯಾರಾದರೂ ಹೇಳಿದ್ದರೆ ನನಗೆ ಒಂದು ತಿಂಗಳು ಉಳಿಯುತ್ತಿತ್ತು.

ರಸ್ತೆಯಿಂದ ಕಾಣುವುದೇ ಎಂಬ ಪ್ರಶ್ನೆಗೆ ಮಾತಿನಲ್ಲಿ ಉತ್ತರಿಸುವುದು ಕಷ್ಟ. ಶೆಡ್ಡು ಬರಬೇಕಾದ ಜಾಗದ ನಾಲ್ಕು ಮೂಲೆಗಳಲ್ಲಿ ಅಷ್ಟೇ ಎತ್ತರದ ಕೋಲುಗಳನ್ನು ನಿಲ್ಲಿಸಿ, ತುದಿಗೆ ಕೆಂಪು ಬಟ್ಟೆ ಕಟ್ಟಿ, ರಸ್ತೆಯ ಎರಡೂ ಕಡೆಯಿಂದ ಮತ್ತು ಅಕ್ಕಪಕ್ಕದವರ ಅನುಮತಿ ಪಡೆದು ಅವರ ಹಿತ್ತಲುಗಳಿಂದ ಛಾಯಾಚಿತ್ರ ತೆಗೆದೆ. 6 ಅಡಿಯ ಬೇಲಿಯ ಮೇಲೆ ಬಟ್ಟೆ ಪಕ್ಕದ ಹಿತ್ತಲಿನಿಂದ ಕಾಣುತ್ತಿತ್ತು, ರಸ್ತೆಯಿಂದ ಕಾಣುತ್ತಿರಲಿಲ್ಲ. ಪಕ್ಕದ ಮನೆಯ ಹಿರಿಯರೊಬ್ಬರು ಆ ಚಿತ್ರದ ಕೆಳಗೆ ತಮ್ಮ ಅಭ್ಯಂತರವಿಲ್ಲವೆಂದು ಬರೆದು ಸಹಿ ಹಾಕಿಕೊಟ್ಟರು. ವಿಚಾರಣೆಯಲ್ಲಿ ಮಂಡಳಿಯವರು ಬಹಳ ಹೊತ್ತು ನೋಡಿದ್ದು ಆ ಚಿತ್ರಗಳನ್ನೇ. ಪಕ್ಕದ ಮನೆಯ ಬದಿಯಲ್ಲಿ ಎರಡು ಪೊದೆಗಿಡ ನೆಡಬೇಕು, ಆರು ತಿಂಗಳಲ್ಲಿ ಕೆಲಸ ಮುಗಿಸಬೇಕು ಎಂಬ ಷರತ್ತುಗಳೊಂದಿಗೆ ತಿರಸ್ಕಾರವನ್ನು ರದ್ದುಪಡಿಸಿದರು.

ಬೇಸಿಗೆಯ ಬಿಸಿಲು ಇಳಿದ ಮೇಲೆ, ಅಕ್ಟೋಬರ್‌ನಲ್ಲಿ ಕೆಲಸ ಆರಂಭಿಸಿದೆ. ಅದಕ್ಕೆ ಕೆಲವು ದಿನ ಮೊದಲು, ನೆಲ ಅಗೆಯುವ ಮುನ್ನ ತಿಳಿಸಬೇಕಾದ ದೂರವಾಣಿ ಸಂಖ್ಯೆ 811ಕ್ಕೆ ಕರೆ ಮಾಡಿದ್ದೆ. ನೆಲದಡಿಯ ಮಾರ್ಗಗಳನ್ನು ಅವರು ಹಣ ಪಡೆಯದೆ ಗುರುತು ಮಾಡಿಸುತ್ತಾರೆ, ವಿದ್ಯುತ್ತಿಗೆ ಕೆಂಪು, ಗ್ಯಾಸಿಗೆ ಹಳದಿ, ಕುಡಿಯುವ ನೀರಿಗೆ ನೀಲಿ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಜೇಡಿಮಣ್ಣು ನಮ್ಮದು. ಆದ್ದರಿಂದ ಮೇಲ್ಮಣ್ಣು ತೆಗೆದು, ಮಣ್ಣಿನ ಮಟ್ಟಕ್ಕೆ ಸರಿಯಾಗಿ ಜಲ್ಲಿ ತುಂಬಿ ದಮ್ಮಸು ಮಾಡಿ, ನೆಲಕ್ಕೆ ತಾಗುವ ಬಳಕೆಗೆಂದೇ ಸಂಸ್ಕರಿಸಿದ ಮರಗಳನ್ನು ಅದರ ಮೇಲೆ ಮಲಗಿಸಿದೆ.

ಮುಗಿದ ದಿನವೇ ಅಳತೆಪಟ್ಟಿ ಹಿಡಿದ ಛಾಯಾಚಿತ್ರಗಳನ್ನು ಸಮಿತಿಗೆ ಕಳುಹಿಸಿ, ಕೆಲಸ ಒಪ್ಪಿತವಾಗಿದೆಯೆಂಬ ಉತ್ತರವನ್ನು ಬರವಣಿಗೆಯಲ್ಲಿ ಪಡೆದೆ. ಮನೆ ಮಾರುವಾಗ ಸಂಘವು ಕೊಡುವ ಮರುಮಾರಾಟ ಪ್ರಮಾಣಪತ್ರದಲ್ಲಿ ತನ್ನ ಗಮನಕ್ಕೆ ಬಂದಿರುವ ನಿಬಂಧನೆಗಳ ಉಲ್ಲಂಘನೆಯನ್ನೂ ನಮೂದಿಸುತ್ತದೆ. ಹಾಗಾಗಿ ಒಪ್ಪಿಗೆ ಪತ್ರ, ತಿದ್ದಿದ ನಕ್ಷೆ ಮತ್ತು ಆ ಉತ್ತರ ಮೂರನ್ನೂ ಸರ್ವೆ ನಕ್ಷೆಯ ಜೊತೆಗೇ ಒಂದು ಕಡತದಲ್ಲಿ ಇಟ್ಟಿದ್ದೇನೆ.