ಪೈಥಾನ್‌ನಲ್ಲಿ ಸ್ಟ್ರಿಂಗ್‌ನಿಂದ ಪದಗಳನ್ನು ಬಿಡಿಸಿ ತೆಗೆಯುವ ಬಗೆ

ಸ್ಟ್ರಿಂಗ್‌ನೊಳಗಿನ, ಅಂದರೆ ಅಕ್ಷರಗಳ ಸರಣಿಯೊಳಗಿನ, ಪದಗಳನ್ನು ಬೇರ್ಪಡಿಸಲು ಪೈಥಾನ್‌ನಲ್ಲಿ ಎಲ್ಲಕ್ಕಿಂತ ಸುಲಭವಾದ ಸಾಧನ ಸ್ಪ್ಲಿಟ್ ಎಂಬ ಮೆಥಡ್. ಆವರಣದೊಳಗೆ ಏನನ್ನೂ ಕೊಡದೆ ಅದನ್ನು ಕರೆದರೆ, ಸ್ಪೇಸ್ ಒಂದಿರಲಿ ಹತ್ತಿರಲಿ, ನಡುವೆ ಟ್ಯಾಬ್ ಅಥವಾ ಹೊಸ ಸಾಲು ಬಂದಿರಲಿ, ಅಷ್ಟನ್ನೂ ಒಂದೇ ಗಡಿಯೆಂದು ಎಣಿಸಿ ಪದಗಳ ಲಿಸ್ಟ್ ಹಿಂದಿರುಗಿಸುತ್ತದೆ. ಒಂದು ಸ್ಪೇಸನ್ನೇ ಆರ್ಗ್ಯುಮೆಂಟ್ ಆಗಿ ಕೊಟ್ಟರೆ ಮಾತ್ರ ವರ್ತನೆ ಬೇರೆ: ಎರಡು ಸ್ಪೇಸ್ ಜೊತೆಯಾಗಿ ಬಂದಲ್ಲೆಲ್ಲ ಲಿಸ್ಟ್‌ಗೆ ಖಾಲಿ ಸ್ಟ್ರಿಂಗ್ ಒಂದು ಸೇರಿಕೊಂಡು ಎಣಿಕೆ ಕೆಡುತ್ತದೆ. ಲಿಸ್ಟ್‌ನಲ್ಲಿ ಪದದ ಸ್ಥಾನ ಸೂಚಿಸುವ ಇಂಡೆಕ್ಸ್ 0ಯಿಂದ ಆರಂಭವಾಗುವುದರಿಂದ ಮೂರನೆಯ ಪದ ಬೇಕಿದ್ದರೆ 2 ಎಂದು ಬರೆಯಬೇಕು.

ಸ್ಪ್ಲಿಟ್ ಲೇಖನ ಚಿಹ್ನೆಗಳನ್ನು ಮುಟ್ಟುವುದಿಲ್ಲ. “ಮಳೆ ಬಂತು, ಕೆರೆ ತುಂಬಿತು.” ಎಂಬ ವಾಕ್ಯವನ್ನು ಒಡೆದರೆ ಎರಡನೆಯ ಪದಕ್ಕೆ ಅಲ್ಪವಿರಾಮವೂ ಕೊನೆಯದಕ್ಕೆ ಪೂರ್ಣವಿರಾಮವೂ ಅಂಟಿಕೊಂಡೇ ಇರುತ್ತವೆ. ಪ್ರತಿ ಪದದ ಮೇಲೆ ಸ್ಟ್ರಿಪ್ ಮೆಥಡ್ ಕರೆದು, ಸ್ಟ್ರಿಂಗ್ ಮಾಡ್ಯೂಲ್‌ನ ಪಂಕ್ಚುಯೇಶನ್ ಎಂಬ ಪಟ್ಟಿಯನ್ನು ಅದಕ್ಕೆ ಕೊಟ್ಟರೆ ಎರಡೂ ತುದಿಗಳು ಶುಚಿಯಾಗುತ್ತವೆ. ಆ ಪಟ್ಟಿಯಲ್ಲಿರುವುದು 32 ಆಸ್ಕಿ, ಅಂದರೆ ಮೂಲ ಇಂಗ್ಲಿಷ್ ಸಂಕೇತ ಪಟ್ಟಿಯ, ಚಿಹ್ನೆಗಳಷ್ಟೆ. ಬಾಗಿದ ಉದ್ಧರಣ ಚಿಹ್ನೆಗಳನ್ನು ನಾವೇ ಸೇರಿಸಬೇಕು.

ಇನ್ನೊಂದು ದಾರಿ, ಹುಡುಕಬೇಕಾದ ಮಾದರಿಯನ್ನು ಸಂಕೇತಗಳಲ್ಲಿ ಬರೆದು ಕೊಡುವ ರೆಗ್ಯುಲರ್ ಎಕ್ಸ್‌ಪ್ರೆಶನ್. ಆರ್‌ಇ ಮಾಡ್ಯೂಲ್‌ನ ಫೈಂಡ್‌ಆಲ್ ಫಂಕ್ಷನ್‌ಗೆ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಪ್ಲಸ್’ ಎಂಬ ಪ್ಯಾಟರ್ನ್ ಕೊಡುವುದು ರೂಢಿ. ಇಂಗ್ಲಿಷ್ ಪಠ್ಯಕ್ಕೆ ಅದು ಬಹುಮಟ್ಟಿಗೆ ಸಾಕು. ಕನ್ನಡಕ್ಕೆ ಸಾಲದು. ‘ಕನ್ನಡ’ ಎಂಬ ಪದವನ್ನೇ ಕೊಟ್ಟು ನೋಡಿದರೆ ‘ಕನ’, ‘ನಡ’ ಎಂಬ ಎರಡು ತುಂಡುಗಳು ಕೈಗೆ ಬರುತ್ತವೆ. ಈ ಮಾಡ್ಯೂಲ್ ಅಕ್ಷರ, ಅಂಕಿ ಮತ್ತು ಅಂಡರ್‌ಸ್ಕೋರ್‌ಗಳನ್ನು ಮಾತ್ರ ಪದದ ಭಾಗವೆಂದು ಒಪ್ಪುತ್ತದೆ. ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ವ್ಯವಸ್ಥೆಯಲ್ಲಿ, ‘ಮಾರ್ಕ್’ ಎಂಬ ಬೇರೆ ವರ್ಗಕ್ಕೆ ಸೇರಿದ, ಒತ್ತಕ್ಷರ ಮೂಡಿಸುವ ಅರ್ಧಾಕ್ಷರದ ಗುರುತೂ (್), ಸ್ವರ ಚಿಹ್ನೆಗಳೂ ಅದರ ಕಣ್ಣಿಗೆ ಗಡಿಗಳೇ.

ಪರಿಹಾರ ಕಷ್ಟದ್ದಲ್ಲ. ಕನ್ನಡದ ಯುನಿಕೋಡ್ ವಿಭಾಗ ದಶಮಾನ ಸಂಖ್ಯೆಯಲ್ಲಿ 3200ರಿಂದ 3327ರವರೆಗೆ ಇದೆ. ಈ ಎರಡು ತುದಿಗಳನ್ನು, ಸಂಖ್ಯೆಯನ್ನು ಅಕ್ಷರವಾಗಿಸುವ ಸಿಎಚ್‌ಆರ್ ಫಂಕ್ಷನ್‌ನಿಂದ ಪಡೆದು, ನಡುವೆ ಹೈಫನ್ ಇಟ್ಟು, ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಜೊತೆಗೆ ಒಂದೇ ಚೌಕ ಆವರಣದೊಳಗೆ ಸೇರಿಸಿ, ಹೊರಗೆ ಪ್ಲಸ್ ಬರೆದರೆ ಕನ್ನಡ, ಇಂಗ್ಲಿಷ್ ಎರಡೂ ಬೆರೆತ ಪಠ್ಯದಿಂದಲೂ ಪದಗಳು ಇಡಿಯಾಗಿ ಸಿಗುತ್ತವೆ. ಅದೇ ಆವರಣದೊಳಗೆ ಒತ್ತಕ್ಷರ ಮೂಡದಂತೆ ತಡೆಯುವ 8204ನೆಯ ಯುನಿಕೋಡ್ ಸಂಕೇತವನ್ನೂ ಸೇರಿಸಲೇಬೇಕು. ಕಣ್ಣಿಗೆ ಕಾಣದ ಈ ಸಂಕೇತವನ್ನು ಬಿಟ್ಟರೆ ‘ಪೈಥಾನ್‌ನಲ್ಲಿ’ ಎಂಬುದು ‘ಪೈಥಾನ್’, ‘ನಲ್ಲಿ’ ಎಂದು ಒಡೆದು, ಪದಗಳ ಪಟ್ಟಿಯಲ್ಲಿ ಎಲ್ಲಿಂದಲೋ ಒಂದು ನಲ್ಲಿ ಬಂದು ಕೂರುತ್ತದೆ.