ಪ್ಯಾನಿಕ್ ಅಟ್ಯಾಕ್: ಆ ಹತ್ತು ನಿಮಿಷದಲ್ಲಿ ಏನು ಮಾಡಬೇಕು, ಆಮೇಲೆ ಏನು ಮಾಡಬೇಕು

ಮೆಜೆಸ್ಟಿಕ್‌ನಿಂದ ಹೊರಟ ಬಸ್ಸು ಟ್ರಾಫಿಕ್‌ನಲ್ಲಿ ನಿಂತಿದೆ. ಕಾರಣವೇ ಇಲ್ಲದೆ ಎದೆ ಡವಡವ ಹೊಡೆದುಕೊಳ್ಳುತ್ತದೆ. ಅಂಗೈ ಬೆವರುತ್ತದೆ, ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು, ಎಷ್ಟು ಉಸಿರೆಳೆದರೂ ಸಾಲದು, ಇನ್ನೇನು ಪ್ರಾಣ ಹೋಯಿತು ಎನ್ನುವ ದಿಗಿಲು. ಆಸ್ಪತ್ರೆಗೆ ಓಡಿದರೆ ಇಸಿಜಿ ನಾರ್ಮಲ್. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಮಾತ್ರೆ ಬರೆದುಕೊಡುತ್ತಾರೆ. ನಮ್ಮಲ್ಲಿ ಪ್ಯಾನಿಕ್ ಅಟ್ಯಾಕಿಗೆ ಎಷ್ಟೋ ಸಲ ಮೊದಲು ಸಿಗುವ ಹೆಸರೇ ಗ್ಯಾಸ್ಟ್ರಿಕ್.

ದೇಹದಲ್ಲಿ ನಡೆಯುವುದಿಷ್ಟು. ಹಾವು ಕಂಡಾಗ ಓಡಲು ಬೇಕಾದ ಅಡ್ರಿನಲಿನ್ ಹಾವಿಲ್ಲದೆಯೇ ಹರಿಯುತ್ತದೆ. ಉಸಿರು ಬಿರುಸಾಗಿ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಜುಮುಜುಮು, ತಲೆ ಹಗುರಾಗುವುದು ಮುಖ್ಯವಾಗಿ ಅದರಿಂದ. ಆಮ್ಲಜನಕಕ್ಕೆ ಕೊರತೆಯೇನೂ ಇರುವುದಿಲ್ಲ. ಆದರೆ ಮನಸ್ಸು ಈ ಲಕ್ಷಣಗಳನ್ನು ‘ಹಾರ್ಟ್ ಅಟ್ಯಾಕ್’ ಎಂದು ಓದಿಕೊಳ್ಳುತ್ತದೆ. ಹೆದರಿಕೆಯಿಂದ ಇನ್ನಷ್ಟು ಅಡ್ರಿನಲಿನ್, ಅದರಿಂದ ಇನ್ನಷ್ಟು ಲಕ್ಷಣ. ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದ್ದು ಈ ಸುಳಿಯನ್ನೇ. ಅಟ್ಯಾಕ್ ಕೆಲವೇ ನಿಮಿಷಗಳಲ್ಲಿ, ಸಾಮಾನ್ಯವಾಗಿ ಹತ್ತರೊಳಗೆ, ತುತ್ತತುದಿ ಮುಟ್ಟಿ ತಾನಾಗಿ ಇಳಿಯುತ್ತದೆ.

ಮೊದಲು ಹೃದಯದ ಅನುಮಾನ ತೀರಲಿ

ಮೊದಲ ಸಲ ಹೀಗಾದರೆ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಎದೆನೋವು ಎಡತೋಳಿಗೆ ಅಥವಾ ದವಡೆಗೆ ಹರಡಿದರೆ, ಮೆಟ್ಟಿಲು ಹತ್ತುವಾಗ ಬಂದರೆ, ಪ್ರಜ್ಞೆ ತಪ್ಪಿದರೆ, ಅಥವಾ ನಲವತ್ತು ದಾಟಿದ್ದು ಶುಗರ್, ಬಿಪಿ ಇದ್ದರೆ 108ಕ್ಕೆ ಕರೆ ಮಾಡಿ. ಇಸಿಜಿ, ಹಿಮೋಗ್ಲೋಬಿನ್, ಶುಗರ್, ಥೈರಾಯ್ಡ್ ಒಮ್ಮೆ ನೋಡಿಸಿ. ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಎಲ್ಲವೂ ಸರಿಯಿದೆ ಎಂದು ಗೊತ್ತಾದ ಮೇಲೆ ಪ್ರತಿ ಅಟ್ಯಾಕಿಗೂ ಹೊಸ ಇಸಿಜಿ ಬೇಡ. ಅದು ಎರಡು ದಿನದ ಸಮಾಧಾನ ಕೊಟ್ಟು ಅನುಮಾನವನ್ನು ಜೀವಂತ ಇಡುತ್ತದೆ.

ಅಟ್ಯಾಕ್ ಬಂದಾಗ

‘ದೀರ್ಘವಾಗಿ ಉಸಿರೆಳೆದುಕೋ’ ಎಂದು ಪಕ್ಕದವರು ಹೇಳುತ್ತಾರೆ. ತಪ್ಪುವುದು ಇಲ್ಲೇ. ಬಾಯಿ ತೆರೆದು ದೊಡ್ಡದಾಗಿ ಉಸಿರೆಳೆದಷ್ಟೂ ಜುಮುಜುಮು ಹೆಚ್ಚುತ್ತದೆ. ಬಾಯಿ ಮುಚ್ಚಿ, ಮೂಗಿನಿಂದ ಮಾಮೂಲಿನಷ್ಟೇ ಗಾಳಿ ತೆಗೆದುಕೊಂಡು ನಾಲ್ಕು ಎಣಿಸಿ. ಬಿಡುವಾಗ ಆರು ಎಣಿಸಿ. ಒಂದು ಕೈ ಹೊಟ್ಟೆಯ ಮೇಲಿರಲಿ, ಏಳಬೇಕಾದ್ದು ಹೊಟ್ಟೆ, ಭುಜವಲ್ಲ. ಹೀಗೆ ಮೂರು ನಿಮಿಷ. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯ ಬೇಡ. ಆಸ್ತಮಾ ಅಥವಾ ಹೃದಯದ ತೊಂದರೆ ಇದ್ದವರಿಗೆ ಅದು ಅಪಾಯ.

ಸಾಧ್ಯವಾದರೆ ಇದ್ದ ಜಾಗದಲ್ಲೇ ಇರಿ. ಬಸ್ಸಿನಿಂದ ಇಳಿದ ಕೂಡಲೇ ಹಾಯೆನಿಸುತ್ತದೆ, ನಿಜ. ಆದರೆ ಮೆದುಳು ಕಲಿಯುವುದು ‘ಇಳಿದಿದ್ದಕ್ಕೇ ಬದುಕಿದೆ’ ಎಂಬ ತಪ್ಪು ಪಾಠ. ಮುಂದಿನ ಸಲ ಬಸ್ಸು ಕಂಡರೇ ಭಯ.

ಯಾವುದು ಕಾಯಿಲೆ?

ಒಂದೆರಡು ಅಟ್ಯಾಕ್ ಬಂದು ಹೋದರೆ ಅದೇ ಕಾಯಿಲೆಯಲ್ಲ. ಅಟ್ಯಾಕ್ ಹಠಾತ್ತಾಗಿ ಮತ್ತೆ ಮತ್ತೆ ಬಂದು, ‘ಇನ್ನೊಂದು ಬಂದೀತು’ ಎಂಬ ಹೆದರಿಕೆ ಅಥವಾ ಅದಕ್ಕಾಗಿ ಜಾಗಗಳನ್ನು ತಪ್ಪಿಸುವುದು ಒಂದು ತಿಂಗಳಾದರೂ ನಡೆದರೆ ಪ್ಯಾನಿಕ್ ಡಿಸಾರ್ಡರ್. ಮಕ್ಕಳ ಓದು, ಸಾಲ, ಆರೋಗ್ಯ ಎಂದು ಎಲ್ಲದರ ಬಗ್ಗೆಯೂ ಆರು ತಿಂಗಳು ಬಿಡದೆ ಚಿಂತೆ, ಜೊತೆಗೆ ನಿದ್ದೆಗೇಡು, ಮೈಬಿಗಿತ, ಸಿಡುಕು ಇದ್ದರೆ ಅದು ಸಾಮಾನ್ಯೀಕೃತ ಆತಂಕ. ನಾಲ್ಕು ಜನರೆದುರು ಮಾತ್ರ ನಾಲಿಗೆ ಕಟ್ಟಿದರೆ ಸಾಮಾಜಿಕ ಆತಂಕ. ಗೀಳುರೋಗ (ಒಸಿಡಿ) ಇವುಗಳ ನೆಂಟನೇ, ಆದರೂ ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ, 2013ರ ಡಿಎಸ್‌ಎಂ-5, ಅದನ್ನು ಬೇರೆ ಅಧ್ಯಾಯಕ್ಕೆ ಹಾಕಿತು.

ಪ್ಯಾನಿಕ್‌ನಲ್ಲಿ ತಲೆ ತಿರುಗಿದಂತಾದರೂ ಬೀಳುವುದು ಅಪರೂಪ, ಏಕೆಂದರೆ ಬಿಪಿ ಏರಿರುತ್ತದೆ. ರಕ್ತ, ಸೂಜಿ ಕಂಡರೆ ಹೆದರುವವರ ಕಥೆ ಬೇರೆ: ಅವರ ಬಿಪಿ ಕುಸಿದು ನಿಜವಾಗಿಯೂ ಬೀಳುತ್ತಾರೆ. ಅವರಿಗೆ ಸಡಿಲವಾಗಿರಲು ಹೇಳಬಾರದು. ತೊಡೆ, ಹೊಟ್ಟೆ, ತೋಳನ್ನು ಮುಖ ಬಿಸಿಯಾಗುವವರೆಗೆ, 10–15 ಸೆಕೆಂಡು, ಬಿಗಿಹಿಡಿಯಬೇಕು. 20–30 ಸೆಕೆಂಡು ಬಿಟ್ಟು ಮತ್ತೆ ಬಿಗಿಹಿಡಿಯಬೇಕು. ಐದು ಸುತ್ತು. ಸೂಜಿ ಚುಚ್ಚುವ ಕೈ ಮಾತ್ರ ಸಡಿಲ ಇರಲಿ.

ಭಯದ ಕಡೆಗೇ ನಡೆಯುವುದು

ಆತಂಕವನ್ನು ಸಾಕುವುದು ತಪ್ಪಿಸಿಕೊಳ್ಳುವ ಅಭ್ಯಾಸ. ಹಾಗಾಗಿ ಚಿಕಿತ್ಸೆಯ ಗಟ್ಟಿ ಭಾಗ ಎದುರಿಸುವುದೇ. ಎಂಟು ಹತ್ತು ಮೆಟ್ಟಿಲಿನ ಪಟ್ಟಿ ಬರೆದು, ಪ್ರತಿಯೊಂದಕ್ಕೂ 0ಯಿಂದ 100ರೊಳಗೆ ಭಯದ ಅಂಕ ಹಾಕಿ. ಬಸ್ಸಿನ ಭಯವಾದರೆ: ಸ್ಟಾಪಿನಲ್ಲಿ ಅರ್ಧ ಗಂಟೆ ನಿಲ್ಲುವುದು 30, ಮನೆಯವರ ಜೊತೆ ಎರಡು ಸ್ಟಾಪು 40, ಒಬ್ಬರೇ ಎರಡು ಸ್ಟಾಪು 55, ಸಂಜೆಯ ನೂಕುನುಗ್ಗಲಲ್ಲಿ ಕೊನೆಯ ಸ್ಟಾಪಿನವರೆಗೆ 90. ಮೂವತ್ತು ನಲವತ್ತರ ಮೆಟ್ಟಿಲಿನಿಂದ ಶುರು ಮಾಡಿ, ವಾರಕ್ಕೆ ನಾಲ್ಕೈದು ದಿನ. ಹೊರಡುವ ಮುಂಚೆ ‘ಏನಾಗುತ್ತದೆ ಅಂದುಕೊಂಡಿದ್ದೇನೆ’ ಎಂದು ಒಂದು ಸಾಲು ಬರೆಯಿರಿ, ಬಂದ ಮೇಲೆ ಆದದ್ದನ್ನು ಬರೆಯಿರಿ. ಕಲಿಕೆ ನಡೆಯುವುದು ಈ ಎರಡು ಸಾಲಿನ ನಡುವಿನ ಅಂತರದಲ್ಲಿ.

ಮೈಯ ಲಕ್ಷಣಗಳ ಭಯಕ್ಕೂ ಇದೇ ಕ್ರಮ: ಅವನ್ನು ಬೇಕೆಂದೇ ತರಿಸಿಕೊಂಡು ಎದುರಿಸುವುದು. ನಿಂತಲ್ಲೇ ಒಂದು ನಿಮಿಷ ಓಡಿ, ಎದೆ ಹೊಡೆದುಕೊಳ್ಳಲಿ. ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ಸುತ್ತಿ. ಮೂಗು ಹಿಡಿದು ಸಣ್ಣ ಸ್ಟ್ರಾದಲ್ಲಿ ಒಂದು ನಿಮಿಷ ಉಸಿರಾಡಿ. ಹೃದಯರೋಗ, ಆಸ್ತಮಾ, ಮೂರ್ಛೆರೋಗ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದಕ್ಕಿಳಿಯಬಾರದು.

ತಿಂಗಳುಗಟ್ಟಲೆ ಮಾಡಿಯೂ ಫಲ ಕಾಣದಿದ್ದರೆ ಜೇಬು ತಡಕಿ ನೋಡಿ. ಒಂದು ಮಾತ್ರೆ, ಕೈಯಲ್ಲಿ ನೀರಿನ ಬಾಟಲಿ, ಕಿವಿಯಲ್ಲಿ ಅಕ್ಕನ ಫೋನು ಇದ್ದರೆ ಬದುಕಿಸಿದ ಕೀರ್ತಿ ಅವಕ್ಕೇ ಹೋಗುತ್ತದೆ. ಒಂದೊಂದಾಗಿ ಬಿಡಿ. ಮೇಲೆ ಹೇಳಿದ ಉಸಿರಿನ ಎಣಿಕೆಯೂ ಹೀಗೆ ತಾಯಿತವಾಗಬಲ್ಲದು. ಅಭ್ಯಾಸದ ಹೊತ್ತಿನಲ್ಲಿ ಅದನ್ನೂ ಪಕ್ಕಕ್ಕಿಡಿ.

ಮಾತ್ರೆ, ಮತ್ತು ಎಲ್ಲಿಗೆ ಹೋಗಬೇಕು

ಮನೋವೈದ್ಯರು ಹೆಚ್ಚಾಗಿ ಬರೆಯುವುದು ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ, ಖಿನ್ನತೆಗೂ ಕೊಡುವಂಥದ್ದು. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಮೊದಲ ವಾರ ಗಾಬರಿ, ಹೊಟ್ಟೆ ತೊಳಸುವಿಕೆ ಸ್ವಲ್ಪ ಹೆಚ್ಚಬಹುದು, ಅದಕ್ಕೇ ಸಣ್ಣ ಡೋಸಿನಿಂದ ಶುರು. ಬಹಳ ಮಂದಿ ಬಿಟ್ಟುಬಿಡುವುದು ಈ ವಾರದಲ್ಲೇ. ಬಿಡುವ ಮುಂಚೆ ಒಂದು ಫೋನ್ ಮಾಡಿ ವೈದ್ಯರಿಗೆ ತಿಳಿಸಿ. ಚೆನ್ನಾದ ಮೇಲೂ ಕೆಲವು ತಿಂಗಳು, ಎಷ್ಟೋ ಸಲ ವರ್ಷದವರೆಗೆ, ಮುಂದುವರಿಸಿ ನಿಧಾನವಾಗಿ ಇಳಿಸುತ್ತಾರೆ. ಆಲ್ಪ್ರಜೋಲಾಮ್ ಎಂಬ ಶಾಮಕ ಮಾತ್ರೆ ಅರ್ಧ ಗಂಟೆಯಲ್ಲೇ ತಣ್ಣಗಾಗಿಸುತ್ತದೆ, ಅಷ್ಟೇ ಬೇಗ ಚಟವೂ ಆಗುತ್ತದೆ. ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಕೊಳ್ಳಬೇಡಿ. ತಿಂಗಳುಗಟ್ಟಲೆ ತಗೊಂಡಿದ್ದರೆ ಒಮ್ಮೆಲೇ ನಿಲ್ಲಿಸಲೂಬೇಡಿ, ಫಿಟ್ಸ್ ಬರಬಹುದು.

ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ, ಕನ್ನಡದಲ್ಲೂ ಸಿಗುತ್ತದೆ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೂ ಹೋಗಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಹೋಗುವಾಗ ಚೀಟಿಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ: ಅಟ್ಯಾಕ್ ಎಷ್ಟು ಸಲ, ಎಷ್ಟು ಹೊತ್ತು, ಯಾವ ಜಾಗ ಬಿಟ್ಟಿದ್ದೀರಿ, ದಿನಕ್ಕೆ ಎಷ್ಟು ಲೋಟ ಕಾಫಿ. ಕೊನೆಯದನ್ನು ಮರೆಯಬೇಡಿ, ಆರು ಲೋಟ ಫಿಲ್ಟರ್ ಕಾಫಿ ಕುಡಿದ ಎದೆಯೂ ಡವಡವ ಅನ್ನುತ್ತದೆ.