ಕೋಳಿಮಾಂಸ ಮತ್ತು ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ: ಅಡುಗೆಮನೆಯ ಎಚ್ಚರಿಕೆಗಳು

ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದಲೋ ಬಡಾವಣೆಯ ಅಂಗಡಿಯಿಂದಲೋ ಕೋಳಿಮಾಂಸ ತಂದೊಡನೆ ಅದನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವುದು ಬೆಂಗಳೂರಿನ ಅನೇಕ ಮನೆಗಳ ರೂಢಿ. ಆದರೆ ಹಾಗೆ ಸಿಡಿದ ಹನಿಗಳು ಪಕ್ಕದಲ್ಲಿ ಹೆಚ್ಚಿಟ್ಟ ಕೊತ್ತಂಬರಿ, ಸೌತೆಕಾಯಿಗಳ ಮೇಲೆ ಬಿದ್ದು ರೋಗಾಣುಗಳನ್ನು ಹರಡಬಲ್ಲವು. ತೊಳೆಯಲೇಬೇಕೆನಿಸಿದರೆ ಪಾತ್ರೆಯ ನೀರಿನಲ್ಲಿ ಮೆಲ್ಲನೆ ಅದ್ದಿ ತೆಗೆದು, ಬಳಿಕ ಸಿಂಕನ್ನೂ ಕೈಗಳನ್ನೂ ಸೋಪಿನಿಂದ ಉಜ್ಜಬೇಕು. ಹಸಿ ಮಾಂಸಕ್ಕೆ ಬೇರೆಯೇ ಚಾಕು, ಮಣೆ ಇರಲಿ.

ಆ್ಯಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಕೂಡ ಬೆಂಕಿಗೆ ಬಗ್ಗುತ್ತದೆ, ಅದೊಂದು ಸಮಾಧಾನ. ತುಂಡಿನ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಬಣ್ಣ ನೋಡಿ ಬೆಂದಿತೆನ್ನುವುದು ನಂಬಲರ್ಹವಲ್ಲವಾದ್ದರಿಂದ, ಥರ್ಮಾಮೀಟರ್ ಇಲ್ಲದವರಿಗೆ ಪ್ರೆಶರ್ ಕುಕ್ಕರ್ ಲೇಸು. ಕೋಳಿ ಸಾಕಣೆಯಲ್ಲಿ ಇಂಥ ಬ್ಯಾಕ್ಟೀರಿಯಾ ಬೆಳೆಯಲು ಎಡೆಮಾಡುವ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್‌ನ ಬಳಕೆಯನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದೆಯಾದರೂ ಈ ಎಚ್ಚರಿಕೆಗಳನ್ನು ಕೈಬಿಡುವಂತಿಲ್ಲ. ಉಳಿದ ಸಾರನ್ನು 2 ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮರುದಿನ ಚೆನ್ನಾಗಿ ಕುದಿಸಿಯೇ ಬಡಿಸಬೇಕು.